ಕಾಸರಗೋಡಿನ ಸಂಜೆ ಇಂಗ್ಲಿಷ್ ಕ್ಲಾಸ್: ಗ್ರಾಮರ್ ಸುಮಾರು, ಉಚ್ಚಾರಣೆ ಸೂಪರ್

ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಈ ಕ್ಲಾಸಿಗೆ ಸೇರುವುದಿದ್ದರೆ ಉಚ್ಚಾರಣೆಯ ಪಾಠಕ್ಕಾಗಿಯೇ ಸೇರಿ. ಗ್ರಾಮರ್ ಎಲ್ಲ ಕಡೆ ಸಿಗುವಂಥದ್ದೇ. ಆದರೆ ಪದದಲ್ಲಿ ಒತ್ತು ಎಲ್ಲಿ ಬೀಳಬೇಕು ಅನ್ನುವುದರಲ್ಲಿ ಟೀಚರ್ ಸುಮ್ನೆ ಬಿಡುವುದಿಲ್ಲ. ಪದದ ಒಂದೊಂದು ಭಾಗಕ್ಕೂ ಒಂದೊಂದು ಸಲ ಡೆಸ್ಕ್ ತಟ್ಟಿಸುತ್ತಾರೆ, ಒತ್ತು ಇರುವಲ್ಲಿ ಜೋರಾಗಿ. ‘ಫೋಟೋಗ್ರಾಫ್’ ಅಂದರೆ ಮೊದಲ ತಟ್ಟು ಜೋರು. ‘ಫೋಟೋಗ್ರಾಫರ್’ ಅಂದಾಗ ಜೋರು ಎರಡನೆಯದಕ್ಕೆ ಹೋಗುತ್ತದೆ. ಮೊದಲಿನ ‘ಫೋ’ ಸೊರಗಿ ಬರೀ ‘ಫ’ ಆಗುತ್ತದೆ. ‘ಎಜುಕೇಷನ್’ ಥರ ‘ಷನ್’ ಅಂತ ಮುಗಿದರೆ ಅದರ ಹಿಂದಿನ ಭಾಗಕ್ಕೇ ಒತ್ತು. ‘ರೆಕಾರ್ಡ್’ ನಾಮಪದವಾದರೆ ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ಕನ್ನಡ, ತುಳು, ಮಲಯಾಳ ಆಡುವ ನಾವು ಪಂಕ್ತಿಯಲ್ಲಿ ಅನ್ನ ಬಡಿಸಿದ ಹಾಗೆ ಎಲ್ಲ ಅಕ್ಷರಕ್ಕೂ ಸಮ ಹಂಚುತ್ತೇವೆ, ಅಲ್ವಾ? ಅಲ್ಲೇ ತೊಡಕು.

ಬೇಜಾರಿನ ವಿಷಯ, ಅವರು ಕೊಡುವ ಪುಸ್ತಕ. ಫೀಸಲ್ಲದೆ ಅದಕ್ಕೆ ಬೇರೆ ದುಡ್ಡು, ಒಳಗೆ ಒತ್ತಿನ ಗುರುತೇ ಇಲ್ಲ. ಒಳ್ಳೆ ಡಿಕ್ಷನರಿಯಲ್ಲಿ ಒತ್ತು ಬೀಳುವ ಭಾಗ ಶುರುವಾಗುವ ಮೊದಲು, ಮೇಲ್ಗಡೆ, ಸಣ್ಣ ನೆಟ್ಟಗಿನ ಗೆರೆ ಇರುತ್ತದೆ. ಅದನ್ನೇ ನೋಡಿಕೊಳ್ಳಿ. ಸಂಜೆ ಬ್ಯಾಚಲ್ಲಿ ಜನ ಜಾಸ್ತಿ, ಹಿಂದಿನ ಬೆಂಚಿಗೆ ಏನೂ ಕೇಳಿಸುವುದಿಲ್ಲ. ಬೇಗ ಹೋಗಿ ಮುಂದೆ ಕೂರಿ.