ಮಗು ಮಲಗಿದ ಮೇಲಿನ ವ್ಯಾಪಾರ: ಯಾವುದು ಗಿಟ್ಟಿತು, ಯಾವುದು ಸುಸ್ತು ಮಾಡಿತು

ಆನ್‌ಲೈನ್‌ನಲ್ಲಿ ಮಾರಿ ಸಂಪಾದಿಸಿ ಎಂದು ಹೇಳಿಕೊಡುವವರು ಲಾಭದ ಲೆಕ್ಕ ಚೆನ್ನಾಗಿ ಹೇಳುತ್ತಾರೆ. ಆ ಕೆಲಸ ಯಾವ ಹೊತ್ತಿಗೆ ಮೈಮೇಲೆ ಬರುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಮಗುವಿಗೆ ಜ್ವರ ಬಂದ ದಿನವೇ ಗಿರಾಕಿ ಪಾರ್ಸೆಲ್ ಎಲ್ಲಿ ಅಂತ ಕೇಳುತ್ತಾರೆ. ಹಾಗಾಗಿ ಬೇರೆ ಬೇರೆ ದಾರಿ ಹಿಡಿದು ನೋಡುವಾಗ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಕಾಗಿ ಬಂದರೆ ಈ ಕೆಲಸ ನನಗಾಗಿ ಕಾಯುತ್ತದೆಯೋ ಇಲ್ಲವೋ?

ಶುರು ಮಾಡಲು ಎಲ್ಲಕ್ಕಿಂತ ಸುಲಭ, ಮಕ್ಕಳಿಗೆ ಚಿಕ್ಕದಾದ ಬಟ್ಟೆ, ಆಟಿಕೆಗಳನ್ನು ಹತ್ತಿರದವರಿಗೇ ಮಾರುವುದು. 2016ರಲ್ಲಿ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಬಂದ ಮೇಲೆ ಇದಕ್ಕೆ ಅಂಗಡಿ, ಕೊರಿಯರ್ ಏನೂ ಬೇಕಿಲ್ಲ. ಬಂಡವಾಳವಂತೂ ಕಪಾಟಿನಲ್ಲೇ ಕೂತಿದೆ. ತೊಂದರೆ ಇರುವುದು ಮಾತಿನಲ್ಲಿ. "ಇನ್ನೂ ಇದೆಯಾ?" ಅಂತ ಕೇಳಿ ಮಾಯವಾಗುವವರು, ಬರುತ್ತೇನೆಂದು ಬಾರದವರು, ಬಾಗಿಲಿಗೆ ಬಂದು ಮತ್ತೆ ಚೌಕಾಸಿಗೆ ಇಳಿಯುವವರು. ಒಂದೊಂದೇ ಅಂಗಿ ಮಾರಲು ಹೊರಟರೆ ಬರುವ ದುಡ್ಡಿಗಿಂತ ಟೈಪ್ ಮಾಡುವುದೇ ಹೆಚ್ಚಾಗುತ್ತದೆ. ಒಂದೇ ಅಳತೆಯ ಬಟ್ಟೆಗಳನ್ನು ಒಟ್ಟುಗೂಡಿಸಿ ಕಟ್ಟು ಮಾಡಿ ಹಾಕಿದ ಮೇಲೆ ಈ ಕಾಟ ಎಷ್ಟೋ ಕಡಿಮೆಯಾಯಿತು. ಮಗು ಬೆಳೆದಂತೆ ಇಡೀ ಕಪಾಟನ್ನೇ ಬದಲಿಸಬೇಕಾದವರು ಕಟ್ಟನ್ನೇ ಹುಡುಕುತ್ತಿರುತ್ತಾರೆ.

ಇಲ್ಲಿ ಫೋಟೋಗೆ ಕೊಟ್ಟ ಗಮನ ವ್ಯರ್ಥವಾಗುವುದಿಲ್ಲ. ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ, ಬಟ್ಟೆಯನ್ನು ನೆಲದ ಮೇಲೆ ಹರಡಿ, ಮೇಲಿನಿಂದ ತೆಗೆಯಬೇಕು. ಕಲೆ ಇದ್ದರೆ ಅದನ್ನೇ ಹತ್ತಿರದಿಂದ ಇನ್ನೊಂದು ಫೋಟೋ ತೆಗೆದು ಹಾಕಿ, ಆಮೇಲಿನ ಜಗಳ ಅಲ್ಲಿಗೇ ಮುಗಿಯುತ್ತದೆ. ಲೇಬಲ್‌ನ "6-9 ತಿಂಗಳು" ನಂಬುವಂಥದ್ದಲ್ಲ, ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಭುಜದಿಂದ ಅಂಚಿನವರೆಗೆ ಎಷ್ಟು ಸೆಂಟಿಮೀಟರ್ ಅಂತ ಬರೆದರೆ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ. ಯೂನಿಫಾರ್ಮ್ ಮಾರುವ ಮುಂಚೆ ಕಾಲರ್ ಒಳಗೆ ಹೊಲಿದ ಹೆಸರಿನ ಪಟ್ಟಿ ಬಿಚ್ಚಿಬಿಡಿ. ಮಗು ಆಟಿಕೆ ಹಿಡಿದು ನಗುವ ಫೋಟೋ ಎಷ್ಟೇ ಮುದ್ದಾಗಿದ್ದರೂ ಬೇಡ.

ಕೆಲವನ್ನು ನಾನು ಮಾರುವುದೇ ಇಲ್ಲ. ಕಾರಿನ ಮಕ್ಕಳ ಸೀಟು ಅದರಲ್ಲಿ ಮೊದಲನೆಯದು. ಅನೇಕ ಸೀಟುಗಳ ಮೇಲೆ ಬಳಕೆಯ ಗಡುವನ್ನೇ ಅಚ್ಚು ಹಾಕಿರುತ್ತಾರೆ, ಮತ್ತು ಅಪಘಾತದಲ್ಲಿ ಒಳಗೆ ಬಿಟ್ಟ ಬಿರುಕು ಹೊರಗೆ ಕಾಣದೆಯೂ ಇರಬಹುದು. ಹೆಲ್ಮೆಟ್ಟಿಗೂ ಇದೇ ಮಾತು. ಒಂದು ಬದಿ ಕೆಳಗಿಳಿಯುವ ಹಳೆಯ ತೊಟ್ಟಿಲು-ಮಂಚಗಳನ್ನು ಅಮೆರಿಕದಲ್ಲಿ 2011ರಿಂದ ಮಾರುವಂತೆಯೇ ಇಲ್ಲ, ಆ ಬದಿ ಕಳಚಿಕೊಂಡು ಶಿಶುಗಳು ಸಿಕ್ಕಿಹಾಕಿಕೊಂಡು ಸತ್ತಿದ್ದವು.

ದೂರದವರಿಗೆ ಮಾರುವುದು ಬೇರೆಯೇ ಆಟ. 1995ರಲ್ಲಿ ಹರಾಜು ಕಟ್ಟೆಯಾಗಿ ಶುರುವಾದ ಇಬೇ, 2008ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದ, ಬಳಸಿದ ಬಟ್ಟೆಗಳ ಜಾಲತಾಣ ವಿಂಟೆಡ್, ಎರಡರಲ್ಲೂ ಗಿರಾಕಿಗಳ ಬಳಗ ದೊಡ್ಡದು. ವಿಂಟೆಡ್‌ನಲ್ಲಿ ಸಾಮಾನ್ಯವಾಗಿ ಮಾರುವವರ ಬದಲು ಕೊಳ್ಳುವವರೇ ಶುಲ್ಕ ಕಟ್ಟುತ್ತಾರೆ. ಆದರೆ ಕೈಕಚ್ಚುವುದು ಕಮಿಷನ್ ಅಲ್ಲ, ಡಬ್ಬಿಯ ಗಾತ್ರ. ಬಹಳಷ್ಟು ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದೇ ತೂಕ. 40×30×30ರ ಡಬ್ಬಿಯಲ್ಲಿ ಒಂದು ಬೊಂಬೆ ಕರಡಿ ಕೂರಿಸಿದರೆ, ತಕ್ಕಡಿಯಲ್ಲಿ ಒಂದು ಕಿಲೋ ತೂಗದಿದ್ದರೂ ಬಿಲ್ಲಿನಲ್ಲಿ 7.2 ಕಿಲೋ ಆಗುತ್ತದೆ.

ಹೀಗಾಗಿ ದೂರಕ್ಕೆ ಕಳಿಸಲು ಲಾಯಕ್ಕಾದದ್ದು ಪುಟ್ಟದಾಗಿದ್ದು ಬೆಲೆ ಉಳಿಸಿಕೊಂಡ ಸಾಮಾನು ಮಾತ್ರ. ಲೆಗೋ ಅದಕ್ಕೆ ಹೇಳಿ ಮಾಡಿಸಿದಂತಿದೆ. 1958ರ ಇಟ್ಟಿಗೆ ಇವತ್ತಿನದಕ್ಕೂ ಕೂಡಿಕೊಳ್ಳುತ್ತದೆ, ಆದ್ದರಿಂದ ಹಳತಾಯಿತೆಂದು ಮೂಲೆ ಸೇರುವುದಿಲ್ಲ. ಎಲ್ಲ ಕಲಸಿದ ರಾಶಿಯನ್ನು ತೂಕಕ್ಕೆ ಹಾಕುವುದಕ್ಕಿಂತ ಸೆಟ್ ಕೂಡಿಸಿ, ಸೆಟ್ ನಂಬರ್ ಬರೆದು ಮಾರಿದರೆ ಬೆಲೆ ಬಹಳ ಮೇಲಕ್ಕೆ ಹೋಗುತ್ತದೆ. ಕೈಪಿಡಿ ಕಳೆದಿದ್ದರೆ ಎಷ್ಟೋ ಸೆಟ್‌ಗಳದ್ದು ಕಂಪನಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮಕ್ಕಳನ್ನೂ ಕೂರಿಸಿಕೊಂಡು ಕಟ್ಟಬಹುದು. ಕಟ್ಟಿದ ಮೇಲೆ ಮಾರಲು ಒಪ್ಪುವರೇ ಅನ್ನುವುದು ಬೇರೆ ವಿಷಯ!

ಇಷ್ಟೆಲ್ಲ ಆದರೂ ಹಳೆ ಸಾಮಾನು ಒಂದು ದಿನ ಖಾಲಿಯಾಗುತ್ತದೆ. ಅದು ಹೊಸ ಆದಾಯವೇನಲ್ಲ, ಹಿಂದೆ ಖರ್ಚಾದದ್ದರಲ್ಲಿ ಒಂದು ಪಾಲು ವಾಪಸ್ ಬಂದಂತೆ. ತಿಂಗಳು ತಿಂಗಳೂ ಬೇಕು ಎನ್ನುವವರ ಕಣ್ಣು ಸಹಜವಾಗಿ ಕೈಕೆಲಸದ ಕಡೆ ಹೋಗುತ್ತದೆ. 2005ರಲ್ಲಿ ಶುರುವಾದ ಎಟ್ಸಿ ಎಂಬ ಜಾಲತಾಣ ಅದಕ್ಕೆ ಹೆಸರುವಾಸಿ. ಒಂದು ಲಿಸ್ಟಿಂಗಿಗೆ, ಅಂದರೆ ಮಾರಲು ಹಾಕಿದ ಒಂದು ಜಾಹೀರಾತಿಗೆ, 20 ಅಮೆರಿಕನ್ ಸೆಂಟ್, ಅದು ನಾಲ್ಕು ತಿಂಗಳು ಇರುತ್ತದೆ, ಮಾರಾಟವಾದರೆ 6.5 ಶೇಕಡಾ, ಗಿರಾಕಿಯಿಂದ ಪಡೆದ ಅಂಚೆ ಖರ್ಚಿನ ಮೇಲೂ ಸೇರಿಸಿ. ಹಣ ಪಾವತಿಯ ಶುಲ್ಕ ಬೇರೆ. ಕ್ರೋಶಾ ಟೋಪಿ, ಹೆಸರು ಕಸೂತಿ ಹಾಕಿದ ಹೊದಿಕೆ, ಹೊಗಳಿಕೆಯೇನೋ ಧಾರಾಳವಾಗಿ ಬಂತು. ಆದರೆ ನೂಲು, ಪ್ಯಾಕಿಂಗ್ ಕಳೆದು ಉಳಿದದ್ದನ್ನು ಗಂಟೆಗೆ ಹಂಚಿದರೆ ಯಾರಿಗೂ ಹೇಳುವಂತಿರಲಿಲ್ಲ. ಹೆಸರು ಹಾಕಿದ ವಸ್ತು ವಾಪಸ್ ಬಂದರೆ ಇನ್ನೊಬ್ಬರಿಗೆ ಮಾರಲೂ ಆಗದು. ಇಂಥ ದಿನಾಂಕಕ್ಕೆ ಬೇಕು ಎನ್ನುವ ಆರ್ಡರ್ ಮಗುವಿನ ಕೆಮ್ಮಿಗೆ ರಿಯಾಯಿತಿ ಕೊಡುವುದಿಲ್ಲ. ಆಟಿಕೆ ಮಾಡುವವರಿಗೆ ಕಾನೂನಿನ ಕಟ್ಟಳೆಯೂ ಉಂಟು: ಅಮೆರಿಕದಲ್ಲಿ 2008ರ ಮಕ್ಕಳ ಉತ್ಪನ್ನ ಸುರಕ್ಷತಾ ಕಾಯ್ದೆ, ಯುರೋಪಿನಲ್ಲಿ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಎಂದು ಹೇಳುವ ಸಿಇ ಗುರುತು. ಮನೆಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಹೆಣಿಗೆ ನಿಮ್ಮ ಮನಸ್ಸಿಗೆ ಹಿತವೆನಿಸಿದರೆ ಮಾಡಿ. ದುಡ್ಡಿಗಾಗಿಯೇ ಎಂದರೆ ನನ್ನ ಓಟು ಇದಕ್ಕಿಲ್ಲ.

ನನ್ನ ಓಟು ಬಿದ್ದದ್ದು ಅದೇ ಎಟ್ಸಿಯ ಇನ್ನೊಂದು ಮೂಲೆಗೆ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯುವ ಹಾಳೆಗಳಿಗೆ. ಅಕ್ಷರ ತಿದ್ದುವ ಹಾಳೆ, ಮಲಗುವ ಮುಂಚಿನ ಕೆಲಸಗಳ ಪಟ್ಟಿ, ಇಂಥವು. ಒಮ್ಮೆ ಮಾಡಿಟ್ಟರೆ ಡಬ್ಬಿ, ಟೇಪು, ಕೊರಿಯರ್ ಯಾವುದರ ಗೋಜೂ ಇಲ್ಲ. ನಾನು ನಿದ್ದೆಯಲ್ಲಿದ್ದಾಗಲೂ ಫೈಲು ತಾನೇ ಹೋಗುತ್ತದೆ. ಅರ್ಧ ಚಿತ್ರ ಬಿಟ್ಟು ಎದ್ದರೂ ಅದು ಅಲ್ಲೇ ಇರುತ್ತದೆ. ಆದರೆ ತಾಳ್ಮೆ ಬೇಕು. ಮೊದಮೊದಲು ಅಂಗಡಿಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ, ಒಂದೇ ಬಗೆಯ ಹಾಳೆ ಮಾರುವವರು ಸಾವಿರಾರು ಜನ. ಇನ್ನು ಕಾಗದದ ಅಳತೆ: ಎ4 ಅಂದರೆ 210×297 ಮಿಲಿಮೀಟರ್, ಅಮೆರಿಕದ ಲೆಟರ್ ಸೈಜ್ ಸುಮಾರು 216×279. ಅಂಚಿನವರೆಗೂ ತುಂಬಿಸಿದ ಎ4 ಹಾಳೆಯನ್ನು ಅಲ್ಲಿನವರು ಕುಗ್ಗಿಸದೆ ಪ್ರಿಂಟ್ ತೆಗೆದರೆ ಮೇಲೋ ಕೆಳಗೋ ಸಾಲು ಕತ್ತರಿಸಿಹೋಗುತ್ತದೆ, ರೇಟಿಂಗೂ ಜೊತೆಗೆ. ಎರಡೂ ಅಳತೆಯ ಫೈಲು ಇಡಿ. ಫಾಂಟ್‌ಗೆ ವ್ಯಾಪಾರದ ಲೈಸೆನ್ಸ್ ಇದೆಯೇ ನೋಡಿಕೊಳ್ಳಿ, ಹೆಸರಾಂತ ಕಾರ್ಟೂನ್ ಪಾತ್ರಗಳ ತಂಟೆಗೆ ಹೋಗಬೇಡಿ.

ಸಗಟಿನವರ ಫೋಟೋಗಳನ್ನು ವಾಟ್ಸಾಪ್ ಗುಂಪುಗಳಿಗೆ ದಾಟಿಸಿ ನಡುವೆ ಒಂದಷ್ಟು ಇಟ್ಟುಕೊಳ್ಳುವ ಮರುಮಾರಾಟ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಕಣ್ಣಾರೆ ಕಾಣದ ಸಾಮಾನಿಗೆ ನಾನು ಜಾಮೀನು, ಬಣ್ಣ ಬೇರೆ ಬಂದರೆ ಬೈಗುಳ ನನಗೆ. ಫೋನ್ ಕೆಳಗಿಡಲು ಬಿಡದ ಕೆಲಸ ಇದೊಂದೇ.

ಈಗ ನಡೆಯುತ್ತಿರುವುದು ಎರಡೇ: ಚಿಕ್ಕದಾದ ಬಟ್ಟೆಯ ಕಟ್ಟುಗಳು, ಜೊತೆಗೆ ಹಾಳೆಗಳು. ಎರಡರ ಲೆಕ್ಕವನ್ನು ಬೇರೆ ಬೇರೆ ಬರೆದಿಡುತ್ತೇನೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದ ಸ್ವಂತ ಹಳೆ ಬಟ್ಟೆಯನ್ನು ಅಮೆರಿಕ, ಬ್ರಿಟನ್‌ನಂಥ ದೇಶಗಳ ತೆರಿಗೆಯವರು ಲಾಭವೆಂದು ಎಣಿಸುವುದಿಲ್ಲ, ಮಾರಲೆಂದೇ ತಯಾರಿಸಿದ್ದನ್ನು ವ್ಯಾಪಾರವೆಂದೇ ನೋಡುತ್ತಾರೆ. ಎರಡನ್ನೂ ಒಂದೇ ಪುಟದಲ್ಲಿ ಕಲಸಿಟ್ಟರೆ ವರ್ಷದ ಕೊನೆಗೆ ಬಿಡಿಸುತ್ತ ಕೂರಬೇಕು.