ಶಿವರಾಂಪೇಟೆಯಲ್ಲಿ ಹೊಲಿಸಿದ ಅಮೆರಿಕದ ಹಳೆ ಬಾವುಟಗಳು: ಹೊಲಿಗೆ ಚೊಕ್ಕ, ಜೋಡಣೆ ನೀವೇ ನೋಡಿಕೊಳ್ಳಿ

ಮೈಸೂರಿನ ಶಿವರಾಂಪೇಟೆಯ ಈ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯ ದಿನನಿತ್ಯದ ಕೆಲಸ ಶಾಲೆ ಬ್ಯಾಡ್ಜು, ಬ್ಲೌಸ್ ವರ್ಕ್. ಕಾಲೇಜಿನ ಇತಿಹಾಸ ಪ್ರದರ್ಶನಕ್ಕೆ ಅಮೆರಿಕದ ನಾಲ್ಕು ಕಾಲದ ಬಾವುಟಗಳನ್ನು ಇಲ್ಲಿ ಕೊಟ್ಟಿದ್ದೆವು: 13, 15, 48, 50 ನಕ್ಷತ್ರದವು. ಹೊಲಿಗೆಗೆ ಪೂರ್ತಿ ಅಂಕ. ನಕ್ಷತ್ರದ ಐದೂ ತುದಿ ಚೂಪಾಗಿವೆ, ಹಿಂಬದಿ ದಾರ ಜೋತುಬಿದ್ದಿಲ್ಲ. ಆದರೆ ಎರಡು ಬಾವುಟ ವಾಪಸ್ ಹೋದವು.

ಮೊದಲನೆಯದು 13ರದು. ಅಮೆರಿಕದ ಕಾಂಗ್ರೆಸ್ಸಿನ 1777ರ ಜೂನ್ 14ರ ನಿರ್ಣಯ ನೀಲಿ ನೆಲದ ಮೇಲೆ 13 ಬಿಳಿ ನಕ್ಷತ್ರ ಅಂದಿತೇ ಹೊರತು ಹೇಗೆ ಜೋಡಿಸಬೇಕು ಅನ್ನಲಿಲ್ಲ. ಅದಕ್ಕೇ ವೃತ್ತವೂ ಉಂಟು, 3-2-3-2-3ರ ಸಾಲೂ ಉಂಟು, 12ರ ವೃತ್ತದ ನಡುವೆ ಒಂದನ್ನಿಟ್ಟದ್ದೂ ಉಂಟು. ನಮಗೆ ಬೇಕಿದ್ದದ್ದು ತುದಿ ಹೊರಕ್ಕೆ ಮಾಡಿದ ವೃತ್ತ. ಪಂಚಿಂಗ್ (ಯಂತ್ರ ಹೊಲಿಯಲೆಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆಗಳಾಗಿ ಬರೆಯುವುದು) ಮಾಡುವವರು ಒಂದೇ ನಕ್ಷತ್ರ ಬರೆದು ಉಳಿದದ್ದೆಲ್ಲ ಕಾಪಿ ಹೊಡೆದಿದ್ದರು. ಹದಿಮೂರೂ ಸೆಟೆದು ನಿಂತಿದ್ದವು. ಒಂದರಿಂದ ಒಂದಕ್ಕೆ 27.7 ಡಿಗ್ರಿ ತಿರುಗಿಸುತ್ತಾ ಹೋಗಬೇಕು. ಹೇಳಿದ ಮೇಲೆ ತಕರಾರಿಲ್ಲದೆ ತಿದ್ದಿಕೊಟ್ಟರು, ಹೆಚ್ಚಿಗೆ ಕೂಲಿ ಕೇಳಲಿಲ್ಲ.

15ರದ್ದರಲ್ಲಿ ನಕ್ಷತ್ರ ಸರಿ, ಪಟ್ಟಿ ತಪ್ಪು. 1795ರಿಂದ 1818ರವರೆಗೆ ಪಟ್ಟಿಗಳೂ 15. ರೂಢಿಯಂತೆ 13 ಹೊಲಿದಿದ್ದರು. 1814ರಲ್ಲಿ ಬ್ರಿಟಿಷರು ದಾಳಿ ಮಾಡಿದಾಗ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ್ದು ಈ 15ರ ಬಾವುಟವೇ. ಅದನ್ನು ತೋರಿಸಲು ಹೊರಟು ಪಟ್ಟಿ ತಪ್ಪಿದರೆ ಮಾಡಿ ಪ್ರಯೋಜನವಿಲ್ಲ.

48ರದು ಸುಲಭ: ಅಧ್ಯಕ್ಷ ಟಾಫ್ಟ್ 1912ರಲ್ಲಿ ಆದೇಶ ಹೊರಡಿಸಿ ಎಂಟೆಂಟರ ಆರು ನೇರ ಸಾಲು, ಒಂದು ತುದಿ ಮೇಲಕ್ಕೆ ಎಂದು ಗೊತ್ತುಮಾಡಿದರು.

50ರದಕ್ಕೆ ಅಳತೆ ಬರೆದೇ ಕೊಡಿ. ಎತ್ತರ 60 ಸೆಂ.ಮೀ. ಇದ್ದರೆ ಉದ್ದ 114, ನೀಲಿ ಭಾಗ 45.6 ಅಗಲ, 32.3 ಎತ್ತರ, ನಕ್ಷತ್ರದ ವ್ಯಾಸ 3.7. ಒಂಬತ್ತು ಸಾಲು, ಆರು–ಐದು–ಆರು ಎಂದು ಬದಲಾಗುತ್ತಾ ಹೋಗಬೇಕು; ಸಾಲಿನಿಂದ ಸಾಲಿಗೆ 3.24 ಸೆಂ.ಮೀ. ಪಟ್ಟಿಯ ಅಗಲ 4.6, ಕತ್ತರಿಸುವಾಗ ಎರಡೂ ಬದಿ ಒಂದೊಂದು ಸೆಂ.ಮೀ. ಹೊಲಿಗೆಗೆ ಬಿಡಿ, ಇಲ್ಲವಾದರೆ ಏಳು ಪಟ್ಟಿ ಸೇರಿ ನೀಲಿ ಭಾಗದ ಎತ್ತರಕ್ಕೆ ಕೂಡುವುದಿಲ್ಲ.

ತೆಳು ಪಾಪ್ಲಿನ್ ಮೇಲೆ ಇಷ್ಟು ನಕ್ಷತ್ರ ಒತ್ತಾಗಿ ಬಂದರೆ ಬಟ್ಟೆ ಮುದುಡುತ್ತದೆ. ದಾರ ಬಟ್ಟೆಯನ್ನು ಎಳೆದು ಹಿಡಿಯುವುದೇ ಕಾರಣ. ಬಟ್ಟೆಯ ಕೆಳಗೆ ಎರಡು ಪದರ ಪೇಪರ್ ಹಾಕಿ ಎಂದು ಮೊದಲೇ ಹೇಳಿ. ಬಟ್ಟೆ ನೀವೇ ಒದಗಿಸುವುದಾದರೆ ಒಮ್ಮೆ ನೆನೆಸಿ ಒಣಗಿಸಿ ಕೊಡಿ. ಕೆಂಪು ಬಣ್ಣ ಬಿಟ್ಟು ಬಿಳಿ ಪಟ್ಟಿ ಗುಲಾಬಿಯಾದರೆ ಮತ್ತೆ ಸರಿಮಾಡಲಾಗದು.

ಕೂಲಿ ಸಾವಿರ ಹೊಲಿಗೆಗೆ ಇಷ್ಟು ಎಂದು, ಪಂಚಿಂಗ್‌ಗೆ ಬೇರೆ. ದಸರಾ ಹತ್ತಿರವಿದ್ದಾಗ ಕೊಡಬೇಡಿ, ಬ್ಲೌಸ್ ಕೆಲಸವೇ ತುಂಬಿರುತ್ತದೆ.