‘ಪಲ್ಸ್’ ನೋಡುವ ಮುನ್ನ ಇಸವಿ ನೋಡಿಕೊಳ್ಳಿ

‘ಪಲ್ಸ್’ ಎಂಬ ದೆವ್ವದ ಸಿನಿಮಾ ಹುಡುಕುವವರಿಗೆ ಮುಖ್ಯವಾಗಿ ಎರಡು ಚಿತ್ರಗಳು ಸಿಗುತ್ತವೆ. ಒಂದು, ಜಪಾನಿನ ಕಿಯೋಶಿ ಕುರೊಸಾವಾ 2001ರಲ್ಲಿ ‘ಕೈರೊ’ ಎಂದು ನಿರ್ದೇಶಿಸಿ, ಹೊರದೇಶಗಳಲ್ಲಿ ‘ಪಲ್ಸ್’ ಆಗಿ ತೆರೆಕಂಡದ್ದು. ಇನ್ನೊಂದು, ಅಮೆರಿಕದವರು 2006ರಲ್ಲಿ ಮಾಡಿದ ಅದರ ರೀಮೇಕ್. ರಜೆಗೆಂದು ಬಂದಿದ್ದ ಅಕ್ಕನ ಮಗನೊಡನೆ ಕುಳಿತು ಈ ಎರಡನೆಯದನ್ನು ನೋಡಿದೆ. ನಾವು ಚಂದಾ ಕಟ್ಟುವ ತಾಣದಲ್ಲಿದ್ದದ್ದು ಅದೊಂದೇ. ಮೂಲವನ್ನು ಇನ್ನೂ ನೋಡದವರು ದಯವಿಟ್ಟು ಈ ರೀಮೇಕಿನ ತಂಟೆಗೆ ಹೋಗಬೇಡಿ.

ಸತ್ತವರು ಇಂಟರ್ನೆಟ್ಟಿನ ಮೂಲಕ ಬದುಕಿರುವವರ ಲೋಕಕ್ಕೆ ಜಿನುಗುತ್ತಾರೆ ಎಂಬುದು ಎರಡೂ ಚಿತ್ರಗಳ ಎಳೆ. ಮೂಲದಲ್ಲಿ ಅವರು ಯಾರ ಮೇಲೂ ಎರಗುವುದಿಲ್ಲ; ಅವರನ್ನು ಕಂಡವರು ಬದುಕುವ ಮನಸ್ಸನ್ನೇ ಕಳೆದುಕೊಂಡು, ಕೊನೆಗೆ ಗೋಡೆಯ ಮೇಲಿನ ಕಪ್ಪು ಕಲೆಯಾಗಿ ಉಳಿಯುತ್ತಾರೆ. ಬಾಗಿಲ ಸಂದಿಗಳಿಗೆ ಕೆಂಪು ಟೇಪು ಅಂಟಿಸಿದ ಕೋಣೆಯೊಳಗೆ ಒಬ್ಬ ಯುವಕ ಹೋಗುವ ದೃಶ್ಯವೊಂದಿದೆ. ಎದುರಿನ ಕತ್ತಲಿನಿಂದ ಹೆಣ್ಣೊಬ್ಬಳು ನಿಧಾನವಾಗಿ ನಡೆದು ಬರುತ್ತಾಳೆ. ನಡುವೆ ಅವಳ ಕಾಲು ಕುಸಿದು, ಮೈ ವಿಚಿತ್ರವಾಗಿ ಜೋಲಿ ಹೊಡೆದು, ಮತ್ತೆ ನೆಟ್ಟಗಾಗಿ ನಡಿಗೆ ಮುಂದುವರಿಯುತ್ತದೆ. ಆಗುವುದು ಇಷ್ಟೇ ಆದರೂ, ಇದಕ್ಕಿಂತ ಹೆಚ್ಚು ಹೆದರಿಸಿದ ನಡಿಗೆಯನ್ನು ನಾನು ಬೇರಾವ ಚಿತ್ರದಲ್ಲೂ ಕಂಡಿಲ್ಲ.

ರೀಮೇಕಿನಲ್ಲಿ ಆರಂಭದಲ್ಲೇ, ಗ್ರಂಥಾಲಯವೊಂದರಲ್ಲಿ, ದೆವ್ವ ಮೈಮೇಲೆ ಬಿದ್ದು ಮನುಷ್ಯನ ಜೀವಚೈತನ್ಯ ಹೀರಿಬಿಡುತ್ತದೆ. ಅಲ್ಲಿಂದ ಮುಂದೆ ನೀಲಿ-ಬೂದು ಬಣ್ಣ ಬಳಿದ ಚೌಕಟ್ಟು, ಎದೆ ಧಸಕ್ಕೆನ್ನಿಸುವ ಸದ್ದು ಮತ್ತು ಗ್ರಾಫಿಕ್ಸ್ ದೆವ್ವಗಳದ್ದೇ ದರ್ಬಾರು. ಇದನ್ನಾದರೂ ಸಹಿಸಬಹುದು, ವಿವರಣೆಯನ್ನು ಸಹಿಸಲಾಗದು. ಸತ್ತವರ ಲೋಕದಲ್ಲಿ ಜಾಗ ಸಾಲದೆ ಅವರು ಇತ್ತ ಹರಿದು ಬರುತ್ತಿರಬಹುದೆಂದು ಮೂಲದಲ್ಲಿ ಒಬ್ಬ ಊಹಿಸುತ್ತಾನೆ, ಚಿತ್ರ ಅದನ್ನು ಊಹೆಯಾಗಿಯೇ ಬಿಡುತ್ತದೆ. ಇಲ್ಲಿ ಮಾತ್ರ ಸಂಶೋಧಕರು ಹೊಸ ತರಂಗಾಂತರ ಕಂಡುಹಿಡಿದರು, ಅದರಿಂದ ಬಾಗಿಲು ತೆರೆಯಿತು, ಒಂದು ಕಂಪ್ಯೂಟರ್ ವೈರಸ್ ಹರಿಬಿಟ್ಟರೆ ಎಲ್ಲ ಸರಿಹೋದೀತು ಎಂದು, ಯಂತ್ರ ಕೆಟ್ಟಾಗ ಮೆಕ್ಯಾನಿಕ್ ಒಪ್ಪಿಸುವ ವರದಿಯಂತೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಮೂಲದ ಒಂಟಿತನ ಆ ವರದಿಯಲ್ಲಿ ಮಾಯವಾಗಿದೆ.

ನಿಜವಾದ ನಷ್ಟ ಅನುಭವಿಸಿದವನು ಅಕ್ಕನ ಮಗ. ಕೆಲವು ದಿನಗಳ ನಂತರ ಅವನಿಗೆ ಮೂಲವನ್ನು ತೋರಿಸಿದಾಗ, ಕೆಂಪು ಟೇಪು ಕಾಣಿಸಿದ ಕೂಡಲೇ “ಮಾಮ, ಇದು ಸಿಗ್ನಲ್ ತಡೆಯೋಕೆ ತಾನೇ?” ಎಂದು ಕೇಳಿ ಮೊಬೈಲಿಗೆ ಕಣ್ಣು ಹೊರಳಿಸಿದ. ಆ ಹೆಣ್ಣು ನಡೆದು ಬಂದಾಗ ಅವನು ಸುಮ್ಮನೆ ನೋಡಿದ, ಹೆದರಲಿಲ್ಲ. ಯಾವಾಗ ಮೈಮೇಲೆ ಹಾರುತ್ತಾಳೆಂದು ಕಾಯುತ್ತಿದ್ದನಂತೆ.

ರೀಮೇಕುಗಳೆಲ್ಲ ಕಳಪೆ ಎಂಬ ವಾದ ನನ್ನದಲ್ಲ; 2002ರ ‘ದಿ ರಿಂಗ್’ ಅಚ್ಚುಕಟ್ಟಾದ ಕೆಲಸ. ರೀಮೇಕ್ ‘ಪಲ್ಸ್’ನ ಚಿತ್ರಕಥೆಯಲ್ಲಿ ದೆವ್ವ-ಭಯದ ಚಿತ್ರಗಳ ಹೆಸರಾಂತ ನಿರ್ದೇಶಕ ವೆಸ್ ಕ್ರೇವನ್ ಹೆಸರು ಕಂಡು ಆಸೆಪಡಬೇಡಿ, ನಿರ್ದೇಶನ ಅವರದಲ್ಲ. ಪ್ಲೇ ಒತ್ತುವ ಮುನ್ನ 2001 ಎಂಬ ಇಸವಿಯನ್ನೂ ಕಿಯೋಶಿ ಕುರೊಸಾವಾ ಹೆಸರನ್ನೂ (ಅಕಿರಾ ಕುರೊಸಾವಾ ಇವರ ಬಂಧುವಲ್ಲ) ಖಚಿತಪಡಿಸಿಕೊಳ್ಳಿ. ಮೂಲದ ಅವಧಿ ಹೆಚ್ಚುಕಡಿಮೆ ಎರಡು ಗಂಟೆ, ರೀಮೇಕಿನದು ಒಂದೂವರೆ ಗಂಟೆಯ ಆಸುಪಾಸು. 2008ರಲ್ಲಿ ನೇರ ಡಿವಿಡಿಗೆ ಬಂದ ಇನ್ನೆರಡು ಭಾಗಗಳೂ ಇದೇ ಹೆಸರು ಹೊತ್ತಿವೆ. ಅವು ರೀಮೇಕಿನ ಮುಂದುವರಿಕೆ.